ತೂಕದ ಮೇಲೊಂದು ಮುಷ್ಟಿ

ಐದುನೂರಾ ಮೂವತ್ತೆರಡು — ಕೆಂಪು ಅಂಕಿಗಳು ಒಂದು ಸಲ ನಡುಗಿ ಅಲ್ಲೇ ನಿಂತುಬಿಟ್ಟವು, ಪೋಸ್ಟಾಫೀಸಿನ ತೂಕದ ಯಂತ್ರಕ್ಕೇನೋ ಆಗಿರಬೇಕು, ಫ್ಯಾನಿನ ಗಾಳಿ ಬಡಿದು ಹೀಗೆ ತೋರಿಸುತ್ತಿರಬೇಕು ಎಂದುಕೊಂಡಳು ಸೌಭಾಗ್ಯ, ಯಾಕೆಂದರೆ ನಿನ್ನೆ ಹೊನವಾಡದ ಮನೆಯ ಪಡಸಾಲೆಯಲ್ಲಿ ಕುಳಿತು ಒಂದೊಂದು ಪಾಕೀಟನ್ನೂ ತೂಗಿದವಳು ತಾನೇ, ಒಣದ್ರಾಕ್ಷಿ ನಾನೂರಾ ಐವತ್ತು ಗ್ರಾಂ, ಕವರು, ಲೇಬಲ್ಲು, ಹೊರಚೀಲ ಎಲ್ಲ ಸೇರಿ ಐದುನೂರರ ಒಳಗೆ, ಕೂದಲೆಳೆಯಷ್ಟೇ ಒಳಗೆ, ಆದರೂ ಒಳಗೇ. ಇನ್ನೊಂದು ಇಟ್ಟು ನೋಡ್ರಿ ಅಂದಳು. ಅದು ಐದುನೂರಾ ನಲವತ್ತು. ಮತ್ತೊಂದು, ಐದುನೂರಾ ಇಪ್ಪತ್ತೆಂಟು. ಕೌಂಟರಿನವರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಎಲ್ಲಾ ಐದನೂರು ದಾಟ್ಯಾವ ನೋಡ್ರಿ, ಮುಂದಿನ ದರ ಬೀಳತೈತಿ, ಹಚ್ಚಲ್ಯೋ ಬ್ಯಾಡೋ, ಎಂದು ಕೇಳಿದರು, ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು, ಆ ಕೆಮ್ಮು ತನಗೇ ಎಂದು ಅವಳಿಗೆ ಗೊತ್ತಾಯಿತು, ಒಂದ ಹತ್ತು ಮಿನಿಟು ತಡೀರಿ ಎಂದು ಚೀಲ ಎಳೆದುಕೊಂಡು ಪಕ್ಕಕ್ಕೆ ಸರಿದಳು.

ಮುಂದಿನ ದರ, ಮುಂದಿನ ದರ — ಟಪಾಲಿನ ದರ ಏರಿದಾಗಿನಿಂದ ತಲೆಯೊಳಗೆ ಮನೆ ಮಾಡಿಕೊಂಡ ಮಾತು ಅದು, ಕಳ್ಳಕವಟಗಿ ದಾಟಿ ಬಸ್ಸು ಕುಲುಕಾಡುತ್ತ ಬರುವಾಗಲೂ ಅದೇ, ಟಿಕೋಟಾದಲ್ಲಿ ಜನ ಹತ್ತಿ ಚೀಲದ ಮೇಲೆ ಕಾಲಿಟ್ಟಾಗಲೂ ಅದೇ. ಮೊದಲು ಅರ್ಧ ಕಿಲೋ ಕಳಿಸುತ್ತಿದ್ದಳು, ಚಂದನೆಯ ರಟ್ಟಿನ ಡಬ್ಬಿಯಲ್ಲಿ, ಡಬ್ಬಿ ಸೇರಿದರೆ ಹೇಗೂ ಐದುನೂರು ದಾಟಿ ಕಿಲೋದ ದರವೇ, ಆಗ ಅದು ಮೈಗೆ ತಾಕುತ್ತಿರಲಿಲ್ಲ, ಈಗ ತಾಕಿತು, ಟಪಾಲಿನ ಖರ್ಚೇ ದ್ರಾಕ್ಷಿಯ ಬೆಲೆಯ ಹೆಗಲಿಗೆ ಬಂದು ನಿಂತಿತು, ಗಿರಾಕಿಗಳು ಆಮೇಲೆ ತಗೋತೀವಿ ಮೇಡಂ ಎಂದು ಬರೆದು ಸುಮ್ಮನಾದರು. ಸುಮ್ಮನಾಗುವ ಗಿರಾಕಿಯ ಹಾಗೆ ಹೆದರಿಸುವುದು ಇನ್ನೊಂದಿಲ್ಲ, ಬೈದರೆ ಉತ್ತರ ಕೊಡಬಹುದು. ಆದ್ದರಿಂದ ತಾನೇ ತಲೆ ಕೆಡಿಸಿಕೊಂಡು ಡಬ್ಬಿ ಬಿಟ್ಟು, ತೆಳ್ಳನೆಯ ಚೀಲ ಹಿಡಿದು, ಪಾಕೀಟು ಸಣ್ಣದು ಮಾಡಿ, ಟಪಾಲು ಖರ್ಚು ಹಿಂದಿನದಕ್ಕಿಂತ ಕಡಿಮೆ ಎಂದು ಫೋನಿನಲ್ಲಿ ಎಲ್ಲರಿಗೂ ಹೇಳಿ, ಆರ್ಡರು ಹಿಡಿದು, ರೊಕ್ಕ ಹಾಕಿಸಿಕೊಂಡು — ಈಗ ದಾಟಿದ್ದೆಲ್ಲ ತನ್ನ ಗಂಟಿನಿಂದಲೇ ಹೋಗಬೇಕು. ಗಂಡ ಮುತ್ತು ಜಗಳ ಮಾಡುವ ಗಂಡಸಲ್ಲ, ಅದೇ ಒಂದು ತೊಂದರೆ, ಮೆತ್ತಗೆ ಹೇಳುತ್ತಾನೆ, ಸಂಗಣ್ಣ ಸಾವಕಾರ ದ್ರಾಕ್ಷಿ ಒಣಗಸೋ ಶೆಡ್ಡಿಗೇ ಬಂದು ಎಲ್ಲಾ ಒಮ್ಮೆ ತುಂಬಿಕೊಂಡು ಹೋಗತಾನ, ನೀ ಯಾಕ ಬಸ್ಸಿನ್ಯಾಗ ಜೋತಾಡತಿ. ಸಂಗಣ್ಣ ಒಯ್ಯುತ್ತಾನೆ, ನಿಜ, ಒಯ್ದ ಮೇಲೆ ಅದು ಯಾರ ದ್ರಾಕ್ಷಿಯೂ ಅಲ್ಲ. ಇದೊಂದು ಸಲ ನೋಡತೀನಿ, ಇದೂ ಮೈಮ್ಯಾಲೆ ಬಂತಂದ್ರ ಎಲ್ಲಾ ಬಂದ್ ಮಾಡತೀನಿ ಎಂದು ತಾನೇ ಮುತ್ತುವಿಗೆ ಮಾತು ಕೊಟ್ಟದ್ದು, ಯಾಕಾದರೂ ಕೊಟ್ಟೆನೋ, ನಾಲಿಗೆಗೆ ಬುದ್ಧಿ ಇಲ್ಲ, ಮೈಮೇಲೆ ಬಂದೇಬಿಟ್ಟಿತಲ್ಲ.

ಅಂಟಿನ ಡಬ್ಬಿ ಇಟ್ಟ ಮೇಜಿನ ಹತ್ತಿರ ಹಸೀನಾ ತನ್ನ ಕೌದಿಗೆ ಪಟ್ಟಿ ಸುತ್ತುತ್ತ ಕುಳಿತಿದ್ದಳು, ವಿಜಯಪುರ ಶಹರದವಳು, ಅವಳೂ ಫೋನಿನಲ್ಲೇ ಕೌದಿ ಮಾರುವವಳು, ಈ ಸಾಲಿನಲ್ಲೇ ಇಬ್ಬರಿಗೂ ಪರಿಚಯ. ಕತ್ತರಿ ಕೇಳಿದರೆ ಕೊಟ್ಟಳು, ಯಾಕೆ ಎಂದು ಕೇಳಿದಳು, ತೂಕ ಹೆಚ್ಚಾಗೇತಿ, ಬಿಚ್ಚಿ ತೆಗೀಬೇಕು ಎಂದರೆ ನಕ್ಕಳು, ನಿಂದು ಪುಣ್ಯೇದ ಧಂದೆ ಬಿಡು, ಎರಡು ಕಾಳು ತಗದ್ರ ಆತು, ನಾ ಒಂದ ಪದರ ತಗದ್ರ ಕೌದಿ ಹೋಗಿ ಟಾವೆಲ್ ಆಗತೈತಿ. ಸೌಭಾಗ್ಯಳಿಗೂ ನಗು ಬಂತು, ಬಂದ ನಗು ಅರ್ಧಕ್ಕೇ ನಿಂತಿತು, ಹೊರಚೀಲ ಕತ್ತರಿಸಿ ಒಳಗಿನ ಪಾಕೀಟು ಎಳೆದಾಗ ಅದರ ಬಾಯಿ — ಅದು ತನ್ನ ಕೆಲಸವಲ್ಲ. ತಾನು ಯಂತ್ರದಲ್ಲಿ ಒತ್ತಿದರೆ ಗೆರೆ ನೆಟ್ಟಗಿರುತ್ತದೆ, ಇದು ಸೊಟ್ಟಸೊಟ್ಟಗೆ ಕರಗಿ, ಅಂಚಿಗೆ ಮಸಿ ಹತ್ತಿ, ಮೇಣದಬತ್ತಿಗೆ ಹಿಡಿದು ಅಂಟಿಸಿದ್ದು, ಮೇಣದಬತ್ತಿಗೆ ಹಿಡಿದು ಕವರು ಅಂಟಿಸುವವರು ಮನೆಯಲ್ಲಿ ಒಬ್ಬರೇ. ಒಳಗೆ ನೋಡಿದರೆ ಮೇಲುಗಡೆ ಉದ್ದುದ್ದ ಹಸಿರು ಒಣದ್ರಾಕ್ಷಿ, ಆರಿಸಿ ಆರಿಸಿ ತೆಗೆದಂಥದ್ದು, ಕಡ್ಡಿ ಇಲ್ಲ, ಕಲೆ ಇಲ್ಲ, ಅದರ ಕೆಳಗೆ ತಾನು ತೂಗಿದ ಕಂದು ದ್ರಾಕ್ಷಿ. ಒಂದು ಮುಷ್ಟಿ. ಎರಡನೆಯ ಪಾಕೀಟಿನಲ್ಲೂ ಒಂದು ಮುಷ್ಟಿ, ಮೂರನೆಯದರಲ್ಲೂ, ಎಲ್ಲದರಲ್ಲೂ. ಅತ್ತೆಯ ಕೊಸರು, ತೂಕದ ಮೇಲೆ ಪುಕ್ಕಟೆ ಹಾಕುವ ಮುಷ್ಟಿ! ಬೆಳಿಗ್ಗೆ, ಹೊರಚೀಲಕ್ಕೆ ಇನ್ನೂ ಟೇಪು ಹಚ್ಚುವ ಮೊದಲು, ತಾನು ನೀರಿಗೆ ಹೋದ ಹೊತ್ತಿನಲ್ಲಿ ಈ ಮುದುಕಿ ಕುಳಿತು — ಸಿಟ್ಟು ನೆತ್ತಿಗೇರಿತು, ಕಣ್ಣೀರೂ ಬಂತು, ಎರಡೂ ಒಂದೇ ಸಲ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮತ್ತೆ ಈಗ ಅರ್ಥವಾಗುತ್ತಿದೆ, ತುಮಕೂರಿನ ಗಿರಾಕಿ ಹೆಂಗಸೊಬ್ಬಳು ಹೋದ ಚಳಿಗಾಲದಲ್ಲಿ ಬರೆದಿದ್ದಳಲ್ಲ, ಮೇಲಿನ ಹಸಿರು ದ್ರಾಕ್ಷಿಯನ್ನ ನಮ್ಮ ಮಗಳು ಮೊದಲು ತಿಂದು ಮುಗಿಸ್ತಾಳೆ, ಅದೇ ಬೇರೆ ಸಿಗುತ್ತಾ ಅಂತ, ನಮ್ಮಲ್ಲಿ ಇರೋದು ಒಂದೇ ಥರ ಮೇಡಂ ಎಂದು ತಾನು ಭಾರಿ ವ್ಯಾಪಾರಸ್ಥಳ ಹಾಗೆ ಉತ್ತರ ಕೊಟ್ಟದ್ದು, ಅಯ್ಯ, ಆಗಿನಿಂದಲೂ ನಡೆದಿದೆ ಇದು, ಡಬ್ಬಿಯೊಳಗೆ ಮುಚ್ಚಿಹೋಗುತ್ತಿತ್ತು, ಕಿಲೋದ ದರದಲ್ಲಿ ಒಂದು ಮುಷ್ಟಿ ಯಾವ ಲೆಕ್ಕ. ಅತ್ತೆ ಮುರಿಗೆವ್ವ ಅಂದರೆ ವಿಜಯಪುರದ ಸಂತೆಯಲ್ಲಿ ಒಂದು ಕಾಲಕ್ಕೆ ಎಲ್ಲರಿಗೂ ಗೊತ್ತು, ಬುಟ್ಟಿ ಮುಂದಿಟ್ಟುಕೊಂಡು ಕುಳಿತರೆ ಮೊದಲು ತಕ್ಕಡಿ, ತಕ್ಕಡಿ ಸಮ ನಿಂತ ಮೇಲೆ ಮುಷ್ಟಿ, ಗಿರಾಕಿ ಕೇಳುವ ತನಕ ಕಾಯುತ್ತಿರಲಿಲ್ಲ, ಕೇಳಿಸಿಕೊಂಡು ಕೊಟ್ಟರೆ ಅದು ಕೊಸರು ಹ್ಯಾಂಗಾಗತೈತಿ ಬೇ ಅನ್ನುತ್ತಿದ್ದಳು, ಮುಷ್ಟಿ ಬುಟ್ಟಿಗಿಳಿದು ಮೇಲೆ ಬಂದು ಗಿರಾಕಿಯ ಚೀಲದ ಬಾಯಿಯ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು, ಆಮೇಲೆ ಬಿಚ್ಚುತ್ತಿತ್ತು. ಮದುವೆಯಾದ ಹೊಸದರಲ್ಲಿ ಪಕ್ಕದಲ್ಲಿ ಕುಳಿತು ನೋಡುತ್ತ ತಾನು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದಳು, ಹೀಗೆ ಕೊಡುತ್ತ ಹೋದರೆ ಉಳಿಯುವುದೇನು ಎಂದು, ಆದರೆ ಸಂಜೆಗೆ ಮೊದಲು ಖಾಲಿಯಾಗುತ್ತಿದ್ದದ್ದು ಮುರಿಗೆವ್ವನ ಬುಟ್ಟಿಯೇ. ಮೊಣಕಾಲು ಹಿಡಿದುಕೊಂಡ ಮೇಲೆ ಸಂತೆ ನಿಂತಿತು, ಬುಟ್ಟಿ ಅಟ್ಟಕ್ಕೆ ಹೋಯಿತು, ಮುದುಕಿ ಪಡಸಾಲೆಯಲ್ಲಿ ಕುಳಿತು ಕಡ್ಡಿ ಆರಿಸುತ್ತ, ಯಾರಿಗೆ ಹೋಗತಾವ ಇವು, ಮಾರಿ ನೋಡದ ಮಂದಿಗೆ ಹ್ಯಾಂಗ ಮಾರತಿ, ಎಂದು ಕೇಳುತ್ತಿದ್ದಳು, ತಾನು ಫೋನು ತೋರಿಸಿದರೆ ಅವಳು ಅದನ್ನು ನೋಡುತ್ತಿರಲಿಲ್ಲ.

ಮನೆಯ ನಂಬರು ಒತ್ತಿದಳು, ಒತ್ತುವಾಗ ಬೈಯಬೇಕೆಂದೇ ಒತ್ತಿದ್ದು. ಅತ್ತಿ, ಪಾಕೀಟಿನ್ಯಾಗ ಕೈ ಹಾಕೀರೇನು? ಹಾಕೇನಿ, ಅಂದಳು ಮುರಿಗೆವ್ವ, ಅಂಜಿಕೆ ಇಲ್ಲ, ಅಳುಕಿಲ್ಲ, ನೀ ಯಾವಾಗಲೂ ಕೊಸರು ಮರೀತಿ ಬೇ, ಮೊದಲಿಂದ ನಾನ ಹಾಕ್ಕೋತ ಬಂದೇನಿ. ಮರೀತೀನಂತೆ! ಇಷ್ಟು ದಿನ ಸೊಸೆ ಮರೆಗುಳಿ ಎಂದು ತಿಳಿದು, ಬೈಯದೆ, ಯಾರಿಗೂ ಹೇಳದೆ, ಅವಳ ತಪ್ಪನ್ನು ಮುಚ್ಚಿಹಾಕುತ್ತ ಬಂದಿದ್ದಾಳೆ ಈ ಹೆಂಗಸು. ಆದರೂ ಹೇಳಿದಳು, ಈ ಮುಷ್ಟಿಯಿಂದ ತೂಕ ದಾಟುತ್ತದೆ, ದಾಟಿದರೆ ದರ ಏರುತ್ತದೆ, ಎಲ್ಲ ಪಾಕೀಟಿಗೂ ಏರುತ್ತದೆ, ಹೀಗಾದರೆ ಇವತ್ತಿಗೆ ವ್ಯಾಪಾರ ಮುಗಿಯಿತು, ಸಂಗಣ್ಣನಿಗೆ ಹಾಕುವುದೊಂದೇ ದಾರಿ. ಆ ಕಡೆ ಮನೆಯ ಹಿಂದೆ ಮೇಕೆ ಒದರಿತು. ಹಂಗಾರ ತಗದುಬಿಡು, ಅಂದಳು ಮುರಿಗೆವ್ವ, ಸಂತೆಯಲ್ಲಿ ಎಂದೂ ಆಡದ ಸಣ್ಣ ದನಿಯಲ್ಲಿ, ನನಗ ಹೊಸಾದು ತಿಳಿಯಂಗಿಲ್ಲ, ಇನ್ನ ಮ್ಯಾಲೆ ಕೈ ಹಚ್ಚಂಗಿಲ್ಲ. ಫೋನು ಕಟ್ಟಾಯಿತು.

ತೆಗೆಯಬೇಕು, ತೆಗೆಯುವುದೇನು ಮಹಾ, ಕೈ ಹಾಕಿ ಮೇಲಿನದನ್ನು ಎತ್ತಿದರಾಯಿತು, ಸೌಭಾಗ್ಯ ಮಡಿಲಲ್ಲಿ ಚೀಲದ ಕಾಗದ ಹಾಸಿಕೊಂಡು ಕೈ ಹಾಕಿದಳು, ಬೆರಳು ಹಸಿರು ದ್ರಾಕ್ಷಿಗೆ ತಾಗಿ ನಿಂತವು — ಕಣ್ಣು ಮಬ್ಬಾದ ಮುದುಕಿ ಇದನ್ನು ಯಾವಾಗ ಆರಿಸಿದಳು, ಎಷ್ಟು ದಿನ ಆರಿಸಿ ಎಲ್ಲಿ ಮುಚ್ಚಿಟ್ಟಿದ್ದಳು, ಕೈ ಹಚ್ಚಂಗಿಲ್ಲ ಅಂದಳಲ್ಲ, ಕೈ ಹಚ್ಚದಿದ್ದರೆ ಇನ್ನೇನು ಮಾಡುತ್ತಾಳೆ ದಿನವಿಡೀ ಆ ಪಡಸಾಲೆಯಲ್ಲಿ. ಬೆರಳು ಹಸಿರನ್ನು ಬದಿಗೆ ಸರಿಸಿ ಕೆಳಗಿಳಿದವು, ಕೆಳಗಿನ ಕಂದು ದ್ರಾಕ್ಷಿಯನ್ನು ಹಿಡಿದು ಮೇಲೆ ಬಂದವು, ಇದೇನು ಮಾಡುತ್ತಿದ್ದೇನೆ ನಾನು, ತೂಗಿದ್ದನ್ನು ತೆಗೆದು ಕೊಸರನ್ನು ಬಿಡುತ್ತಿದ್ದೇನಲ್ಲ, ಅಂದುಕೊಳ್ಳುತ್ತಲೇ ಇನ್ನೊಂದು ಸಲ ಇಳಿದು ಮೇಲೆ ಬಂದವು. ಹಸೀನಾ ನೋಡುತ್ತಿದ್ದಳು, ಟೇಪು ಹರಿದು ಹರಿದು ಮೇಜಿನ ಅಂಚಿಗೆ ಸಾಲಾಗಿ ಅಂಟಿಸಿಕೊಟ್ಟಳು. ಒಂದನ್ನು ಕಟ್ಟಿ ಕೌಂಟರಿಗೆ ಒಯ್ದು ಇಟ್ಟರೆ ನಾನೂರಾ ಅರವತ್ಮೂರು, ಕನ್ನಡಕದವರು ತಲೆ ಕೊಡವಿದರು, ಇಷ್ಟ್ಯಾಕ ತಗದ್ರಿ ತಂಗಿ, ನಾನೂರಾ ಅರವತ್ತಕ್ಕೂ ಅಷ್ಟ ರೊಕ್ಕ, ಐದನೂರಕ್ಕೂ ಅಷ್ಟ ರೊಕ್ಕ, ಉಳದ ಜಾಗಾಕ್ಕೂ ನೀವು ಕೊಟ್ಟಾಗೇತಿ.

ಇದು ಗೊತ್ತಿಲ್ಲದ ಮಾತೇ? ದರದ ಹಾಳೆಯನ್ನು ಫೋನಿನಲ್ಲಿ ಎಷ್ಟು ಸಲ ನೋಡಿಲ್ಲ, ಬಾಯಿಪಾಠವಾಗಿದೆ, ಆದರೂ ಇವತ್ತು ಬೇರೆ ಥರ ಕೇಳಿಸಿತು, ಉಳಿದ ಜಾಗ, ಕೊಟ್ಟಾಗಿದೆ — ಐದುನೂರರ ಅಂಚಿನ ತನಕ ತಾನೇ ತುಂಬಿ ತುಂಬಿ, ಒಂದು ಕಾಳಿಗೂ ಜಾಗ ಬಿಡದೆ ಮುಚ್ಚಿ, ಆಮೇಲೆ ಮುದುಕಿಯ ಮುಷ್ಟಿ ಹೆಚ್ಚಾಯಿತು ಎಂದು ಬೈಯುವುದು, ಹೆಚ್ಚಾದದ್ದು ಅದಲ್ಲ, ಜಾಗ ಬಿಡದೆ ಹೋದದ್ದು ತಾನು. ನಾನೂರೇ ತೂಗಿದರೆ? ನಾನೂರು, ಮೇಲೆ ಕವರು ಚೀಲ, ಆದರೂ ಐದುನೂರಕ್ಕೆ ಐವತ್ತರ ಮೇಲೆ ಉಳಿಯುತ್ತದೆ, ಮುರಿಗೆವ್ವನ ಮುಷ್ಟಿ ಐವತ್ತು ದಾಟುವುದಿಲ್ಲ, ಈಗಷ್ಟೇ ಯಂತ್ರ ತೋರಿಸಿದ್ದರಲ್ಲಿ ನಿನ್ನೆಯ ತೂಕ ಕಳೆದರೆ ಮೂವತ್ತೆಂಟು, ನಲವತ್ತೈದು, ಆ ಕೆಂಪು ಅಂಕಿಗಳೇ ಸಾಕ್ಷಿ. ಗಿರಾಕಿಯಿಂದ ನಾನೂರರದ್ದೇ ಬೆಲೆ ಹಿಡಿಯುವುದು, ಮೇಲಿನ ಮುಷ್ಟಿ ಯಾರೂ ಬೆಲೆ ಕಟ್ಟಲಾಗದ್ದು, ಬೇರೆ ಅಂಗಡಿಯವನು ಬೆಲೆ ಎಷ್ಟು ಇಳಿಸಿದರೂ ಇದನ್ನು ಎಲ್ಲಿಂದ ತರುತ್ತಾನೆ, ತುಮಕೂರಿನ ಆ ಹುಡುಗಿ ಮೊದಲು ತಿಂದು ಮುಗಿಸುವುದು ಅದನ್ನೇ ತಾನೆ. ಇವತ್ತಿನವರಿಗೂ ಐವತ್ತು ಗ್ರಾಮಿನ ರೊಕ್ಕ ತಿರುಗಿ ಹಾಕಿದರಾಯಿತು, ಮುಂದಿನ ದರದ ಮುಂದೆ ಅದೇನೂ ಅಲ್ಲ. ಹಸೀನಾ, ಪೆನ್ ಕೊಡು ಅಂದಳು, ಲೇಬಲ್ಲಿನ ಮೇಲಿನ ನಾನೂರಾ ಐವತ್ತು ಹೊಡೆದು ನಾನೂರು ಎಂದು ಬರೆದಳು, ಕೆಳಗಿನ ಜಾಗದಲ್ಲಿ, ಜೊತೆಗೆ ಮುರಿಗೆವ್ವನ ಕೊಸರು ಎಂದು ಬರೆದಳು. ಹೆಚ್ಚು ತೆಗೆದದ್ದನ್ನು ತಿರುಗಿ ತುಂಬಿದಳು, ಒಂದೊಂದೇ ಪಾಕೀಟು ಕಟ್ಟುತ್ತ ಹೋದಳು, ಸಾಲಿನವರು ಅವಳನ್ನು ಬಿಟ್ಟು ಮುಂದೆ ಹೋದರು, ಹೋಗಲಿ. ಕೌಂಟರಿನಲ್ಲಿ ಎಲ್ಲವೂ ಒಳಗೇ ಬಂದವು, ಒಂದೂ ದಾಟಲಿಲ್ಲ, ಚೀಟಿಗಳು ಕಿರಕಿರ ಎಂದು ಯಂತ್ರದಿಂದ ಹೊರಬಿದ್ದವು, ಮುತ್ತುವಿಗೆ ಕೊಟ್ಟ ಮಾತಿನ ತಕ್ಕಡಿ ಈಗ ತನ್ನ ಕಡೆಗೆ ವಾಲಿತು, ವ್ಯಾಪಾರ ಬಂದ್ ಮಾಡಬೇಕಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು, ಪೋಸ್ಟಿನ ಮೆಟ್ಟಿಲ ಮೇಲೆ ಬಿಸಿಲು, ರಿಕ್ಷಾಗಳ ಗದ್ದಲ, ಕಾಗದದಲ್ಲಿ ಉಳಿದಿದ್ದ ಕಂದು ದ್ರಾಕ್ಷಿಯನ್ನು ಹಸೀನಾ ತಿನ್ನುತ್ತ ನಿಂತಿದ್ದಳು, ಸೌಭಾಗ್ಯ ಒಂದು ಕಿವಿಗೆ ಬೆರಳಿಟ್ಟುಕೊಂಡು ಇನ್ನೊಂದಕ್ಕೆ ಫೋನು ಹಿಡಿದಳು, ಎತ್ತುತ್ತಾಳೋ ಇಲ್ಲವೋ, ಸಿಟ್ಟಾಗಿರಬೇಕು, ಸಿಟ್ಟಾದರೆ ವಾಸಿ, ಸಣ್ಣ ದನಿಯಲ್ಲಿ ಮಾತಾಡುವುದು ಬೇಡ — ಎತ್ತಿದಳು. ಅತ್ತಿ, ಇನ್ನ ಮ್ಯಾಲೆ ನಾ ನಾನೂರ ತೂಗತೀನಿ, ಮ್ಯಾಲಿನ ಜಾಗಾ ಖಾಲಿ ಬಿಡತೀನಿ, ಅದು ನಿಮಗ. ಎಷ್ಟು ಜಾಗಾ? ಅಂದಳು ಮುರಿಗೆವ್ವ. ಒಂದ ಮುಷ್ಟಿ, ಅದಕ್ಕ ಪೋಸ್ಟಿನವರು ಬ್ಯಾರೆ ರೊಕ್ಕ ಕೇಳಂಗಿಲ್ಲ. ರಿಕ್ಷಾದವನೊಬ್ಬ ಹಾರ್ನು ಹೊಡೆದು ಹೋದ, ಅವನು ಹೋದ ಮೇಲೆ ದನಿ ಬಂತು, ಸಂತೆಯಲ್ಲಿ ಗಿರಾಕಿಯನ್ನು ಕರೆಯುವ ಆ ದಪ್ಪ ದನಿ, ಯಾರ ಮುಷ್ಟಿ ಬೇ, ನಂದೋ ನಿಂದೋ? ನಿಮ್ಮದ್ರಿ, ಅಂದಳು ಸೌಭಾಗ್ಯ, ಇನ್ನೂ ಹೇಳುವುದಿತ್ತು, ಲೇಬಲ್ಲಿನ ಮೇಲೆ ಹೆಸರು ಬರೆದದ್ದು, ಹೆಸರು ಓದಿ ತುಮಕೂರಿನವಳು ಕೇಳಿಯಾಳು ಅನ್ನುವುದು, ಮೇಣದಬತ್ತಿ ಬೇಡ, ಯಂತ್ರ ಕಲಿಸಿಕೊಡುತ್ತೇನೆ ಅನ್ನುವುದು, ಅದೆಲ್ಲ ಮನೆಗೆ ಹೋದ ಮೇಲೆ, ಈಗ ಕಣ್ಣ ಮುಂದೆ ಒಂದೇ ಒಂದು, ಪಾಕೀಟಿನ ತೆರೆದ ಬಾಯಿ, ಅದರ ಮೇಲೆ ಗಂಟುಗಂಟಾದ ಬೆರಳುಗಳ ಆ ಮುಷ್ಟಿ, ತುಂಬಿ, ಇನ್ನೂ ಬಿಚ್ಚದೆ.