ತಾನಾಗಿ ಹತ್ತುವ ರಸ್ತೆ

ಮಧ್ಯರಾತ್ರಿ ದಾಟಿದ ಮೇಲೆ ಹೊರಗಿನಿಂದ ಕೀಚ್ ಕೀಚ್ ಎಂದು ಸಣ್ಣ ಸದ್ದು ಬರತೊಡಗಿತು. ನಮ್ಮ ಮನೆಯಲ್ಲಿ ಇಂಥ ಸದ್ದೆಲ್ಲ ಮೊದಲು ನನ್ನ ಕಿವಿಗೇ ಬೀಳುತ್ತದೆ. ಇಲಿಯೋ, ಕಳ್ಳನೋ, ಸೋರುವ ನಲ್ಲಿಯೋ ಎಂದು ಲೆಕ್ಕ ಹಾಕುತ್ತ ಕಿಟಕಿಯ ಪರದೆ ಸರಿಸಿದೆ. ಬೀದಿದೀಪದ ಬೆಳಕಿನಲ್ಲಿ ಮಾವ ಒದ್ದೆ ಪೇಪರಿನಿಂದ ಕಾರಿನ ಗಾಜು ಉಜ್ಜುತ್ತಿದ್ದರು.

“ಈ ಹೊತ್ತಲ್ಲಿ ಇದೇನು ಮಾವ?”

“ನಾಳೆ ಗಾಜು ಮಸುಕಾಗಿದ್ರೆ ನಿಮ್ಮತ್ತೆಗೆ ಅದೇ ನೆಪ ಆಗತ್ತೆ. ನಂಗೇನೂ ಕಾಣ್ಲಿಲ್ಲ ಅಂದುಬಿಡ್ತಾಳೆ. ನೀನ್ ಹೋಗಿ ಮಲ್ಕೋ ಮಗಳೇ, ಓಡಿಸೋಳು ನೀನೇ.”

ಮಲಗಿದೆ. ನಿದ್ದೆ ಬರಲಿಲ್ಲ. ಓಡಿಸಬೇಕಾದವಳು ನಾನೇ ಎಂಬುದನ್ನು ಅವರು ನೆನಪಿಸಬಾರದಿತ್ತು.

ಮಾವ ನಿವೃತ್ತ ಬಸ್ ಡ್ರೈವರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ, ಊರಾಚೆಯ ಒಂದು ಏರಿನ ಬುಡದಲ್ಲಿ ಅವರ ಬಸ್ಸು ಕೆಟ್ಟು ನಿಂತಿತಂತೆ. ಚಕ್ರಕ್ಕೆ ಒತ್ತುಕೊಡಲು ಕಂಡಕ್ಟರ್ ಕಲ್ಲು ಹುಡುಕುತ್ತಿದ್ದಾಗ, ಎಂಜಿನ್ ಆರಿದ್ದ ಬಸ್ಸು ಸದ್ದಿಲ್ಲದೆ ಏರನ್ನು ಹತ್ತಿತಂತೆ. ಮಾವ ಮನೆಗೆ ಓಡಿಬಂದು ಹೆಂಡತಿಗೆ ಹೇಳಿದರು. ಆಗ ಅತ್ತೆ ನಕ್ಕ ನಗು ಇನ್ನೂ ಮುಗಿದಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಸುಳ್ಳಿಗೆ ಬೇರೆಯೇ ಹೆಸರು. ಹಾಲಿನವನು ನೀರು ಬೆರೆಸಿಲ್ಲವೆಂದರೆ ಅತ್ತೆ, “ಹೌದಪ್ಪಾ, ಬಸ್ಸೂ ಹತ್ತಿತ್ತು” ಎನ್ನುತ್ತಾರೆ. ನನ್ನ ಗಂಡ ಚಿಕ್ಕಂದಿನಲ್ಲಿ ಹೊಟ್ಟೆನೋವೆಂದು ಶಾಲೆ ತಪ್ಪಿಸಲು ನೋಡಿದರೆ, “ಬಸ್ಸು ಎಲ್ಲೀವರೆಗೆ ಹತ್ತಿತೋ?” ಎನ್ನುತ್ತಿದ್ದರಂತೆ. ಆಗೆಲ್ಲ ಮಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ.

ಆಮೇಲೆ ಬೇರೆ ಕಡೆ ಹೊಸ ರಸ್ತೆಯಾಯಿತು. ಹಳೆಯದು ಎಲ್ಲಿತ್ತೆಂಬುದೇ ಮರೆತುಹೋಯಿತು. ಈಚೆಗೆ ಯಾರೋ ಅದೇ ಏರಿನ ವಿಡಿಯೊ ಮಾಡಿ ಹರಿಯಬಿಟ್ಟರು. ಈಗ ಜನ ಕಾರು ತಂದು ಎಂಜಿನ್ ಆರಿಸಿ, ಅದು ತಾನಾಗಿ ಹತ್ತುವುದನ್ನು ನೋಡಿ ಹೋಗುತ್ತಾರಂತೆ. ಫೋನಿನಲ್ಲಿ ರಸ್ತೆ ಪಕ್ಕದ ಬೋಳು ಬಂಡೆಯನ್ನು ಕಂಡದ್ದೇ ಮಾವ ಕುರ್ಚಿಯಿಂದ ಎದ್ದು ನಿಂತಿದ್ದರು.

“ವಿಡಿಯೊದಲ್ಲಿ ಆನೆನೂ ಹಾರತ್ತೆ” ಎಂದರು ಅತ್ತೆ.

“ಹಾಗಾದ್ರೆ ನೀನೇ ಬಂದು ನೋಡು. ನಿನ್ನ ಬಾಯಲ್ಲಿ ಒಂದೇ ಒಂದ್ಸಲ ‘ಹೌದು’ ಅಂತ ಕೇಳ್ಬೇಕು. ಇನ್ನೇನೂ ಬೇಡ ನಂಗೆ.”

ಮಾವನಿಗೆ ಕಣ್ಣಿನ ಆಪರೇಷನ್ ಆಗಿತ್ತು. ನನ್ನ ಗಂಡನಿಗೆ ಭಾನುವಾರವೂ ಡ್ಯೂಟಿ. ಹಾಗಾಗಿ ನಾನು. ನಾನು ಮಿಕ್ಸರ್, ಇಸ್ತ್ರಿಪೆಟ್ಟಿಗೆಗಳ ಜೊತೆ ಕೊಡುವ ಪುಸ್ತಿಕೆಗಳನ್ನು ಬರೆಯುವವಳು. ‘ಒದ್ದೆ ಕೈಯಿಂದ ಮುಟ್ಟಬೇಡಿ’ ನನ್ನ ವಾಕ್ಯ. ಏನೇನು ಆಗಬಾರದೋ ಅದನ್ನೆಲ್ಲ ಮೊದಲೇ ಊಹಿಸುವುದಕ್ಕೆ ನನಗೆ ಸಂಬಳ. ಡ್ರೈವಿಂಗ್ ಕಲಿಸಿದ್ದು ಮಾವನೇ. ‘ಗಾಡಿ ನಿಂತ್ರೆ ಹ್ಯಾಂಡ್‌ಬ್ರೇಕ್’ ಎಂಬುದು ಅವರ ಮೊದಲ ಪಾಠ. ನಾನು ಸಿಗ್ನಲ್ಲಿನಲ್ಲೂ ಎಳೆಯುತ್ತೇನೆ. ಹಿಂದಿನವರು ಹಾರ್ನ್ ಮಾಡುತ್ತಾರೆ, ಮಾಡಲಿ.

ನಾವು ತಲುಪಿದಾಗ ಅಲ್ಲಿ ಬೇರೆ ಕಾರುಗಳಿರಲಿಲ್ಲ. ಒಂದು ಸೋಡಾ ಗಾಡಿ, ‘ಎಂಜಿನ್ ಬೇಡದ ಏರು’ ಎಂದು ಕೈಯಲ್ಲಿ ಬರೆದ ಬೋರ್ಡು, ಮತ್ತು ಕೊರಳಿಗೆ ಸೀಟಿ ಕಟ್ಟಿಕೊಂಡು ತನ್ನನ್ನು ತಾನೇ ಅಧಿಕಾರಿಯಾಗಿ ನೇಮಿಸಿಕೊಂಡಿದ್ದ ಒಬ್ಬ ಮನುಷ್ಯ. ಕೆಳಗೆ ರಸ್ತೆಗೆ ಅಡ್ಡವಾಗಿ ಬಿಳಿ ಗೆರೆ. ಮೇಲೆ ಸುಣ್ಣ ಬಳಿದ ಕಂಬ. ನಡುವೆ ಯಾರು ನೋಡಿದರೂ ಏರೇ ಎನ್ನುವಂಥ ಏರು.

ನಾನು ಓದಿಕೊಂಡು ಬಂದಿದ್ದೆ. ಸುತ್ತಲಿನ ಗುಡ್ಡಗಳ ವಾಲಿಕೆ ಕಣ್ಣಿಗೆ ಮೋಸ ಮಾಡುತ್ತದೆ. ಏರಿನಂತೆ ಕಾಣುವುದು ನಿಜದಲ್ಲಿ ಇಳಿಜಾರು. ಇದು ನನ್ನ ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ.

“ಗೆರೆ ಮೇಲೆ ನಿಲ್ಸಿ. ಎಂಜಿನ್ ಆಫ್, ನ್ಯೂಟ್ರಲ್. ಬ್ರೇಕಿಂದ ಕಾಲು ತೆಗೀರಿ ಮೇಡಂ, ಸುಮ್ನೆ ಕೂತ್ಕೊಳಿ!” ಸೀಟಿಯವನು ಸೀಟಿ ಊದಿದ.

ಎಲ್ಲ ಮಾಡಿದೆ. ಮಾವ ಪಕ್ಕದ ಕಿಟಕಿಯಿಂದ ತಲೆ ಹೊರಹಾಕಿ, ಕಪ್ಪು ಕನ್ನಡಕದೊಳಗಿಂದ ಕಂಬವನ್ನೇ ನೋಡುತ್ತ ಉಸಿರು ಬಿಗಿಹಿಡಿದರು.

ಕಾರು ಅಲ್ಲಾಡಲಿಲ್ಲ.

“ಹತ್ತಿತಾ?” ಹಿಂದಿನ ಸೀಟಿನಿಂದ ಅತ್ತೆ ಕೇಳಿದರು. “ನಂಗೆ ತಲೆ ಸುತ್ತಾ ಇದೆ, ಎಷ್ಟು ಜೋರಾಗಿ ಹೋಗ್ತಿದೆ!”

“ಸ್ವಲ್ಪ ತಡಿಯೇ.”

“ತಡೀತೀನಿ ಬಿಡಿ. ಮೊಮ್ಮಕ್ಕಳ ಮದುವೆ ಹೊತ್ತಿಗೆ ಕಂಬ ಮುಟ್ಟಿದ್ರಾಯ್ತು.”

ಸೀಟಿಯವನು ಬಾನೆಟ್ ತಟ್ಟಿದ. “ಎಲ್ಲಾ ಗಾಡಿನೂ ಹತ್ತತ್ತೆ ಸಾರ್, ಇದಕ್ಕೇನಾಯ್ತೋ.”

ಮಾವ ತಲೆ ಒಳಗೆ ತೆಗೆದುಕೊಂಡರು. ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದರು. “ಹೋಗ್ಲಿ ಬಿಡು ಮಗಳೇ” ಎಂದರು ಮೆಲ್ಲಗೆ. “ಆ ವಯಸ್ಸಲ್ಲಿ ಏನೋ ಕಂಡಂಗಾಗಿರ್ಬೇಕು. ತಿರುಗ್ಸು, ಮನೆಗೆ ಹೋಗೋಣ.”

ಹಿಂದಿನ ಸೀಟಿನಲ್ಲಿ ನಗು ಕೇಳಿಸಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಅತ್ತೆ ಮಾವನ ಬೋಳು ತಲೆಯ ಹಿಂಭಾಗವನ್ನೇ ನೋಡುತ್ತಿದ್ದರು, ಬಾಯಿಗೆ ಬಂದ ಮಾತನ್ನು ನುಂಗಿದವರ ಹಾಗೆ.

“ಇರ್ರೀ” ಎಂದರು. “ನನ್ನ ಭಾರಕ್ಕೇ ಹತ್ತುತ್ತಿಲ್ಲವೇನೋ. ಇಳೀತೀನಿ. ನೀವು ಮುಂದೆ ನೋಡ್ತಾ ಇರಿ. ಹಿಂದೆ ತಿರುಗಿದ್ರೆ ನನ್ನಾಣೆ.”

ಬಾಗಿಲು ಧಡ್ಡೆಂದಿತು. ಕನ್ನಡಿಯಲ್ಲಿ ಅತ್ತೆ ಅತ್ತಿತ್ತ ನೋಡಿ, ಸೆರಗು ಸಿಕ್ಕಿಸಿಕೊಂಡು, ಎರಡೂ ಅಂಗೈಯನ್ನು ಡಿಕ್ಕಿಯ ಮೇಲಿಟ್ಟು ಕಾರನ್ನು ತಳ್ಳತೊಡಗಿದರು. ಸೀಟಿಯವನು ಗಾಬರಿಯಾಗಿ ಸೀಟಿ ಬಾಯಿಗಿಟ್ಟ. ಅತ್ತೆ ಅವನತ್ತ ಒಂದು ನೋಟ ಬಿಟ್ಟರು. ಸೀಟಿ ಅರ್ಧ ಊದಿ ಸತ್ತಿತು.

ಕಾರು ಕಿರ್ರೆಂದಿತೇ ಹೊರತು ಜರುಗಲಿಲ್ಲ. ಆ ಕಿರ್ರು ಎಲ್ಲಿಂದ ಬಂತೆಂದು ನನಗೆ ಥಟ್ಟನೆ ಹೊಳೆಯಿತು. ಎರಡು ಸೀಟುಗಳ ನಡುವೆ ಇಟ್ಟಿದ್ದ ನನ್ನ ಬ್ಯಾಗಿನ ಮರೆಯಲ್ಲಿ ಹ್ಯಾಂಡ್‌ಬ್ರೇಕ್ ನೆಟ್ಟಗೆ ನಿಂತಿತ್ತು. ಗಾಡಿ ನಿಂತಿತ್ತಲ್ಲ, ನನ್ನ ಕೈ ತಾನಾಗಿ ಎಳೆದಿತ್ತು.

ಈಗ ಇಳಿಸಬೇಕು. ಆದರೆ ಹಿಂದೆ ಅತ್ತೆ ಇದ್ದಾರೆ. ಇದು ಕಣ್ಣಿಗೆ ಕಾಣುವ ಹಾಗೆ ಏರೇ ಆಗಿದ್ದರೆ, ಕಾರು ಹೋಗುವುದು ಅವರ ಮೇಲೇ. ಇಳಿಸದಿದ್ದರೆ ಪಕ್ಕದಲ್ಲಿ ಕೂತವರು ಇನ್ನು ಮುಂದೆ ತಮ್ಮನ್ನೇ ನಂಬುವುದಿಲ್ಲ. ನಾನು ಕಾಲನ್ನು ಬ್ರೇಕಿನ ಮೇಲೆ ಗಟ್ಟಿಯಾಗಿ ಒತ್ತಿ, ಬ್ಯಾಗು ಹುಡುಕುವವಳಂತೆ ಕೈ ಹಾಕಿ ಹ್ಯಾಂಡ್‌ಬ್ರೇಕ್ ಇಳಿಸಿದೆ. ಆಮೇಲೆ ಕಾಲನ್ನು ಕೂದಲೆಳೆಯಷ್ಟು ಎತ್ತಿದೆ. ಮಾವನ ಮಾತನ್ನು ನಂಬಿ, ಅಷ್ಟೇ ಎತ್ತಿದೆ.

ಕಾರು ಮುಂದಕ್ಕೆ ಜಾರಿತು.

ಕಾಲು ಪೂರ್ತಿ ತೆಗೆದೆ. ಕನ್ನಡಿಯಲ್ಲಿ ಅತ್ತೆ ಎರಡು ಹೆಜ್ಜೆ ಓಡಿ, ಕೈ ಮುಂದೆ ಚಾಚಿಕೊಂಡೇ ನಿಂತುಬಿಟ್ಟರು. ಕಾರು ಅವರನ್ನು ಬಿಟ್ಟು, ಎಂಜಿನ್ನಿನ ಉಸಿರಿಲ್ಲದೆ ಏರನ್ನು ಹತ್ತುತ್ತ ಕಂಬದ ತನಕ ಹೋಯಿತು. ಅಲ್ಲಿ ಬ್ರೇಕ್ ಒತ್ತಿ ನಿಲ್ಲಿಸಿದೆ.

“ನೋಡಿದ್ಯಾ! ನೋಡಿದ್ಯಾ!” ಮಾವ ಬಾಗಿಲು ತೆರೆದು ಇಳಿದೇಬಿಟ್ಟರು.

ಅತ್ತೆ ಏದುಸಿರು ಬಿಡುತ್ತ ಮೇಲೆ ಬಂದರು. “ಹೌದು ಕಣ್ರೀ. ಹತ್ತಿತು.”

“ಏನಂದೆ? ಇನ್ನೊಂದ್ಸಲ ಹೇಳು.”

“ಕಣ್ಣಾಯ್ತು, ಇನ್ನು ಕಿವಿಗೂ ಆಪರೇಷನ್ ಮಾಡಿಸ್ಬೇಕಾ? ಹೌದು ಅಂದೆ!”

ಮಾವ ಸೀಟಿಯವನ ಹೆಗಲ ಮೇಲೆ ಕೈಹಾಕಿ ಬಸ್ಸಿನ ಕತೆಯನ್ನು ಮೊದಲಿನಿಂದ ಶುರು ಮಾಡಿದರು. ಅತ್ತೆ ನನ್ನನ್ನು ಸೋಡಾ ಗಾಡಿಯ ಹತ್ತಿರ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದರು: “ತಳ್ಳಿದ್ದು ನಾನೇ ಕಣೇ. ಆ ಮುಖ ನೋಡೋಕಾಗ್ಲಿಲ್ಲ. ಆದ್ರೂ ನೋಡು, ಈ ವಯಸ್ಸಲ್ಲೂ ನನ್ನ ತೋಳು ಹೇಗಿದೆ!”

ಅಷ್ಟರಲ್ಲಿ ಇನ್ನೊಂದು ಕಾರು ಬಂದು ಗೆರೆಯ ಮೇಲೆ ನಿಂತಿತು. ಎಂಜಿನ್ ಆರಿತು. ಕಾರು ಮೆಲ್ಲಗೆ ಹತ್ತತೊಡಗಿತು.

“ಅದನ್ನ ಯಾವ ಹೆಂಡ್ತಿ ತಳ್ತಿದಾಳೋ ಪಾಪ” ಎಂದು ಅತ್ತೆ ಬಗ್ಗಿ ಅದರ ಹಿಂದೆ ಇಣುಕಿದರು.

ಯಾರೂ ಇರಲಿಲ್ಲ.

ಅತ್ತೆ ಬಗ್ಗಿದವರು ಹಾಗೇ ಇದ್ದರು. ಕಾರು ಕಂಬ ಮುಟ್ಟುವವರೆಗೂ ನೋಡಿದರು. ಆಮೇಲೆ ತಮ್ಮ ಅಂಗೈಗಳನ್ನು ನೋಡಿಕೊಂಡರು. ದೂರದಲ್ಲಿ ಮಾವ ಕೈಗಳಲ್ಲೇ ದೊಡ್ಡ ಸ್ಟೀರಿಂಗ್ ತಿರುಗಿಸಿ ತೋರಿಸುತ್ತಿದ್ದರು.

“ಅಯ್ಯೋ” ಎಂದರು ಅತ್ತೆ. “ಇಷ್ಟು ವರ್ಷ ನಿಜಾನೇ ಹೇಳಿದ್ದಾರಲ್ಲೇ, ಆ ಮನುಷ್ಯ.”

ನಾನು ಸೋಡಾ ಬಾಟಲಿಯಿಂದ ಕಣ್ಣೆತ್ತಲಿಲ್ಲ.

“ಹಾಗಾದ್ರೆ ನಮ್ದು ಮೊದ್ಲು ಯಾಕೆ ಹತ್ಲಿಲ್ಲ?”

ಉತ್ತರ ಅತ್ತೆಯೇ ಕಂಡುಕೊಂಡರು. “ನಾನು ಇಳಿದ ಮೇಲೆ ತಾನೇ ಹತ್ತಿದ್ದು? ನನ್ನ ಭಾರವೇ. ನಿಮ್ಮ ಮಾವಂಗೆ ಹೇಳ್ಬೇಡ ಮತ್ತೆ. ಅವರು ಮುಂದಿನ ನಲವತ್ತು ವರ್ಷ ಅದನ್ನೇ ಆಡ್ತಾರೆ.”

“ಇಲ್ಲ ಅತ್ತೆ.”

ಅವರು ಸೆರಗು ಸರಿಮಾಡಿಕೊಂಡು ಮಾವನ ಕಡೆ ಹೋದರು. ಹೋಗುವಾಗಲೇ ಸೀಟಿಯವನಿಗೆ ಕೇಳುವಂತೆ ಜೋರಾಗಿ, “ನಮ್ಮನೆಯವ್ರು ಆಗ್ಲೇ ಹೇಳಿದ್ರಪ್ಪಾ, ನಾವೇ ನಂಬ್ಲಿಲ್ಲ” ಎಂದರು. ಮಾವ ಕತೆಯ ನಡುವೆಯೇ ಮಾತು ನಿಲ್ಲಿಸಿ ಹೆಂಡತಿಯ ಕಡೆ ತಿರುಗಿದರು. ಸ್ಟೀರಿಂಗ್ ಹಿಡಿದ ಹಾಗೆ ಗಾಳಿಯಲ್ಲಿದ್ದ ಕೈ ಹಾಗೇ ಉಳಿಯಿತು.

ಹ್ಯಾಂಡ್‌ಬ್ರೇಕಿನ ಸಂಗತಿಯನ್ನು ಯಾರಿಗೂ, ನನ್ನ ಗಂಡನಿಗೂ, ಹೇಳಬಾರದೆಂದು ನಾನು ಅಲ್ಲೇ ತೀರ್ಮಾನಿಸಿದೆ.