ಗೌರಾಂಬಾ ಗ್ರಂಥಮಾಲೆ

ಕಣ್ಣಿಗೆ ಪೊರೆ ಬಂದ ಮೇಲೆ ಗುರುಮಲ್ಲಪ್ಪನವರು ಮಂಡಿ ಮೊಹಲ್ಲಾದ ತಮ್ಮ ಅಚ್ಚುಕೂಟವನ್ನು ದೊರೆಸ್ವಾಮಿ ಎಂಬವನಿಗೆ ಮಾರಿದರು. ಕ್ರಯಪತ್ರ ಓದುವಾಗ ವಕೀಲರ ಬಾಯಲ್ಲಿ ಇಂಗ್ಲಿಷಿನದೊಂದು ಮಾತು ಬಂತು: ಇಂಪ್ರಿಂಟು. ಹಾಗೆಂದರೇನು ಸ್ವಾಮಿ ಎಂದು ಇವರು ಕೇಳಿದರು.

"ಪುಸ್ತಕದ ಮೊದಲ ಪುಟದ ಬುಡದಲ್ಲಿ ಹಾಕ್ತೀರಲ್ಲ, ಹೊರಡಿಸೋರ ಹೆಸರು, ಅದು. ಅಚ್ಚು ಹಾಕೋನು ಬೇರೆ ಇರಬಹುದು, ಮಾಲೀಕ ಬದಲಾಗಬಹುದು, ಹೆಸರು ನಿಂತಿರುತ್ತೆ. ಅದನ್ನ ನಂಬಿ ಜನ ಪುಸ್ತಕ ಕೈಗೆ ತಗೊಳ್ತಾರೆ. ಮೆಷಿನ್ನು ಮಾರಿದ ಹಾಗೆ ಅದನ್ನೂ ಮಾರಬಹುದು."

ಹೆಸರು ನಿಂತಿರುತ್ತೆ ಎಂಬ ಮಾತು ಗುರುಮಲ್ಲಪ್ಪನವರ ಮನಸ್ಸು ಹಿಡಿಯಿತು. ಆ ಹೆಸರು ಗೌರಾಂಬಾ ಗ್ರಂಥಮಾಲೆ. ಗೌರಾಂಬಾ ಅವರ ಒಬ್ಬಳೇ ಮಗಳು. ಐದು ತುಂಬುವ ಮೊದಲೇ ಸಿಡುಬಿನಲ್ಲಿ ಹೋದಳು. ಅವಳದೊಂದು ಪಟ ತೆಗೆಸಿರಲಿಲ್ಲ. ಮಣ್ಣು ಮಾಡಿದ ಜಾಗದ ಮೇಲೆ ಈಗ ರಸ್ತೆ ಬಂದಿತ್ತು. ಶಿವಭಜನೆ, ತತ್ವಪದ, ಸೋಬಾನೆ ಪುಸ್ತಕಗಳ ಬುಡದಲ್ಲಿ ಉಳಿದಿದ್ದು ಅದೊಂದು ಸಾಲು. ತಾವು ಶಿವನ ಪಾದ ಸೇರಿದ ಮೇಲೂ ಕೂಸಿನ ಹೆಸರು ಮನೆಮನೆಗೆ ಹೋಗಲಿ ಎಂದು, ಹೆಸರನ್ನೂ ಸೇರಿಸಿ ತಿಳಿದೇ ರುಜು ಹಾಕಿದರು.

ಆಷಾಢದ ಒಂದು ಬೆಳಗ್ಗೆ ಹೆಂಡತಿ ಪುಟ್ಟಬಸಮ್ಮ ಪಕ್ಕದ ಮನೆಯಿಂದ ಪುಸ್ತಕವೊಂದನ್ನು ಹಿಡಿದು ಬಂದರು. ಅವರಿಗೆ ಓದು ಬರದು. ಆ ಒಂದು ಸಾಲಿನ ಆಕಾರ ಮಾತ್ರ ಗೊತ್ತು. ಹೊದಿಕೆಯ ಮೇಲೆ ರಕ್ತ ಸುರಿಯುವ ಚೂರಿ, ಕುಪ್ಪಸ ಹರಿದ ಹೆಂಗಸು. ಒಳಪುಟ ಬಿಚ್ಚಿ ಬುಡದಲ್ಲಿ ಬೆರಳಿಟ್ಟರು.

"ಇದು ನಮ್ಮ ಮಗೀನ ಹೆಸ್ರೇ ಅಲ್ವರಾ?"

"ಹೂಂ."

"ಇಂಥದ್ರ ಮೇಲೆ ಬ್ಯಾಡ ಕಣ್ರೀ. ತೆಗೆಸ್ಬುಡಿ." ಪುಸ್ತಕ ಮುಚ್ಚಿ ಮತ್ತೆ ಅವರೇ ಅಂದರು: "ತೆಗೆಸ್ಬುಟ್ರೆ ಅವ್ಳು ಹುಟ್ಟಿದ್ಲು ಅನ್ನಕ್ಕೆ ಇನ್ನೇನದೆ?"

ಗುರುಮಲ್ಲಪ್ಪನವರು ವಿಭೂತಿ ಹಚ್ಚಿ ಮಂಡಿ ಮೊಹಲ್ಲಾದ ಕಡೆ ನಡೆದರು.

"ಬನ್ನಿ ಯಜಮಾನ್ರೇ. ಕಣ್ಣು ಎಂಗದೆ? ನಮ್ಮ ಪುಸ್ತಕ ಕಾಣದಷ್ಟು ಮಂಜಾಗಿದ್ರೆ ಒಳ್ಳೇದೇ ಆಯ್ತು" ಎಂದು ದೊರೆಸ್ವಾಮಿ ನಕ್ಕ.

"ಕಂಡ್ತು ಕಣಪ್ಪ, ಅದಕ್ಕೇ ಬಂದೆ. ಭಜನೆ ಪುಸ್ತಕಕ್ಕೆ ಆ ಹೆಸ್ರು ಇರ್ಲಿ. ಇದಕ್ಕೆ ನಿಂದೇ ಹಾಕ್ಕೊ."

"ಭಜನೆ ಎಲ್ಲಿ ಹಾಕ್ಲಿ? ತಗೊಳ್ಳೋರು ಬೇಕಲ್ಲ. ನಿಮ್ಮ ಹೆಸ್ರು ಕಂಡ್ರೆ ಅಂಗಡಿಯೋರು ಒಳಗೇನದೆ ಅಂತ್ಲೂ ನೋಡಲ್ಲ, ಕಟ್ಟುಕಟ್ಟೇ ಇಳಿಸ್ಕೊತಾರೆ. ನಾನು ಕೊಂಡಿದ್ದು ಅದನ್ನೇ. ನೀವೂ ತಿಳ್ಕೊಂಡೇ ಮಾರಿದ್ರಿ."

"ತಿಳ್ಕೊಂಡೇ ಮಾರ್ದೆ. ಅದು ನನ್ನ ಕೂಸಿನ ಹೆಸ್ರು ಕಣಪ್ಪ."

ದೊರೆಸ್ವಾಮಿ ಅದು ಯಾವುದೋ ದೇವಿಯ ಹೆಸರೆಂದುಕೊಂಡಿದ್ದ. ಬಾಯಿಯ ಎಲೆಯಡಿಕೆ ಅಗಿಯುವುದನ್ನು ಮರೆತು ಕೂತ.

"ನಿಮ್ಮ ಹೊಟ್ಟೆ ಉರಿಸಿ ನಾನು ಉದ್ಧಾರ ಆಗಲ್ಲ. ತೆಗ್ದುಬುಡಿ. ಇಲ್ಲೇ ಅದೆ, ನಾಳೆ ಅಚ್ಚಿಗೆ ಹೋಗೋ ಪುಟ. ತೆಗುದ್ರೆ ಆಮೇಲೆ ಯಾವುದರ ಮೇಲೂ ಇರಲ್ಲ, ಯೋಚ್ನೆ ಮಾಡಿ. ಆದ್ರೆ ನಾನು ಮುಟ್ಟಲ್ಲ. ನೀವೇ ಬಿಚ್ಚಿ."

ಗುರುಮಲ್ಲಪ್ಪನವರು ಆ ಪುಟ ಜೋಡಿಸಿಟ್ಟಿದ್ದ ಕಲ್ಲಿನ ಮುಂದೆ ಬಹಳ ಹೊತ್ತು ನಿಂತರು. ಸೀಸದ ಅಕ್ಷರಗಳು ತಣ್ಣಗಿದ್ದವು. ಬೇರೊಂದು ದಾರಿ ತೋರೀತೇನೋ ಎಂದು ಮನಸ್ಸಿನಲ್ಲೇ ಶಿವನನ್ನು ಕೇಳಿದರು. ಯಾವ ದಾರಿಯೂ ತೋರಲಿಲ್ಲ. ಪುಟಕ್ಕೆ ಬಿಗಿದಿದ್ದ ದಾರ ಸಡಿಲಿಸಿ, ಆ ಸಾಲನ್ನು ಒಡೆಯದಂತೆ ಎರಡು ಬೆರಳಲ್ಲಿ ಎತ್ತಿ, ಅಚ್ಚುಮೊಳೆಗಳ ಗೂಡಿನ ಮುಂದೆ ಬಂದರು. ಒಂದೊಂದೇ ಅಕ್ಷರವನ್ನು ಅದರದರ ಮನೆಗೆ ಬಿಟ್ಟರು. ಗಕಾರ ತನ್ನಂಥವೇ ಗಕಾರಗಳ ನಡುವೆ ಬಿತ್ತು. ಯಾವುದು ಅವಳದು ಎಂದು ಬೆರಳಿಗೂ ತಿಳಿಯದಾಯಿತು.

"ವಸಿ ಸರ್ಕೊಳ್ಳಿ ಯಜಮಾನ್ರೇ" ಎಂದ ಮೊಳೆ ಜೋಡಿಸುವ ಮರಿಯಯ್ಯ. ತಲೆಗೂದಲ ಎಣ್ಣೆಯ ಜಾಹೀರಾತಿಗೆ ಅವನಿಗೊಂದು ಗಕಾರ ಬೇಕಿತ್ತು. ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಹೋದ.