ಹನ್ನೆರಡನೆಯ ಮುದ್ರೆ

"ಏನಿದು, ಸಗಣಿ ಉಂಡೇನಾ? ತೆಗಿಯೇ ಆಚೆ, ಬೇವರ್ಸಿ!"

ಕಾರ್ಡ್ ಸಾಹೇಬರು ರೂಲುಕಡ್ಡಿಯಿಂದ ಆ ಕಾಗದದ ಮುದ್ದೆಯನ್ನು ಮೇಜಿನಿಂದ ನೂಕಿದರು. ಅದು ಲಾಂಡ್ರಿಯಕ್ಕನ ಕಾಲ ಬಳಿ ಬಿತ್ತು. ಮೊನ್ನೆಯವರೆಗೆ ಅದು ಅವಳ ರೇಷನ್ ಕಾರ್ಡು. ಸರ್ಕಾರಿ ಲಾಂಡ್ರಿಯಲ್ಲಿ ಮೊದಲು ಜೇಬು, ಆಮೇಲೆ ನೀರು. ಊರವರ ಜೇಬನ್ನೆಲ್ಲ ತಡಕಿ ಬೆರಳು ಸವೆಸಿಕೊಂಡವಳು ತನ್ನದೇ ಏಪ್ರನ್ನಿನ ಜೇಬು ನೋಡದೆ ಹಂಡೆಗೆ ಹಾಕಿಬಿಟ್ಟಿದ್ದಳು.

"ಹೊಸದು ಕೊಡಿ ಸ್ವಾಮಿ. ನಮ್ಮತ್ತೆ ಎರಡು ದಿನದಿಂದ ಬರೀ ನೀರು ಕುಡ್ಕೊಂಡಿದಾರೆ."

"ಹೊಸದು ಬೇಕಂದ್ರೆ ಹಳೇದು ತೋರಿಸ್ಬೇಕು."

"ಇದೇ ಹಳೇದು."

"ಇದ್ರಲ್ಲಿ ನಿನ್ನ ಮುಖ ಎಲ್ಲಿದೆ? ಮುಖ ಇಲ್ಲ ಅಂದ್ರೆ ನೀನೂ ಇಲ್ಲ. ಯುದ್ಧ ನಡೀತಿದೆ ಕಣೇ, ನಿಮ್ಮತ್ತೆ ಹೊಟ್ಟೆ ನೋಡ್ಕೊಂಡು ಕೂರೋಕಾಗುತ್ತಾ? ಮುಂದೆ ಯಾರು?"

ಯುದ್ಧ ನಡೆಯುತ್ತಿದ್ದದ್ದು ನೂರಾರು ಮೈಲಿ ದೂರದಲ್ಲಿ. ಸಾಹೇಬರು ಅದನ್ನು ಈ ಮೇಜಿನ ಮೇಲೆ ನಡೆಸುತ್ತಿದ್ದರು. ಹಿಟ್ಟಿಗೊಂದು ಕಾರ್ಡು, ಸೀಮೆಎಣ್ಣೆಗೊಂದು ಕಾರ್ಡು, ಸೇತುವೆ ದಾಟಲು ಒಂದು ಚೀಟಿ, ಹೆಣ ಹೂಳಲು ಮೂರು. ಏಳು ತಿಂಗಳ ಹಿಂದೆ ಮದ್ದುಗುಂಡಿನ ಕಾರ್ಖಾನೆಯಲ್ಲಿ ಲಾಂಡ್ರಿಯಕ್ಕನ ಗಂಡ ಸುಟ್ಟು ಸತ್ತಾಗ, ಅವನ ಕಾರ್ಡನ್ನು ಇವರ ಕೈಗೊಪ್ಪಿಸಿದ ಮೇಲೆಯೇ ಹೂಳಲು ಅಪ್ಪಣೆ ಸಿಕ್ಕಿದ್ದು. "ಸತ್ತೋರ ಕಾರ್ಡು ಅವತ್ತೇ ಸುಡ್ತೀವಿ" ಎಂದಿದ್ದರು, ದೊಡ್ಡ ಉಪಕಾರ ಮಾಡಿದವರಂತೆ.

ಮರುದಿನ ಬೆಳಿಗ್ಗೆ ಸಾಹೇಬರ ಕೋಟು ಲಾಂಡ್ರಿಗೆ ಬಂತು. ಕೊರಳಪಟ್ಟಿಯ ಜಿಡ್ಡು ನೋಡಿದರೇ ಯಾರದೆಂದು ಅವಳಿಗೆ ಗೊತ್ತು. ಮೊದಲು ಜೇಬು. ಒಳಜೇಬಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು! ಅವಳಿಗೆ ಓದು ಬಾರದು, ಫೋಟೋ ಸಾಕಿತ್ತು. ಮೇಲಿನವನು ಚಳಿಗಾಲದಲ್ಲಿ ಸತ್ತ ಬೂಟು ಹೊಲಿಯುವ ಮುದುಕ. ಆಮೇಲೆ ಮೂಲೆಮನೆಯ ಸೂಲಗಿತ್ತಿ, ಅವಳೂ ಸತ್ತವಳೇ. ಮೂರನೆಯವನು ಗಂಡ. ಫೋಟೋಗೆಂದು ತಲೆ ಬಾಚಿಕೊಂಡು ಪೆಚ್ಚಾಗಿ ಕೂತಿದ್ದ. ಅವಳು ಒಪ್ಪಿಸಿದಾಗ ಹಿಂದುಗಡೆ ತಿಂಗಳಿಗೊಂದರಂತೆ ನಾಲ್ಕೇ ಮುದ್ರೆ ಇದ್ದವು. ಈಗ ಹನ್ನೊಂದು. ಹನ್ನೆರಡನೆಯ ಮನೆ ಮಾತ್ರ ಖಾಲಿ.

ಬದುಕಿರುವವರೆಗೂ ಅರೆಹೊಟ್ಟೆ ಉಂಡ ಮನುಷ್ಯ ಸತ್ತ ಮೇಲೆ ತಿಂಗಳು ತಪ್ಪದೆ ಹಿಟ್ಟು ಒಯ್ಯುತ್ತಿದ್ದ!

ಕೋಟನ್ನು ಹಂಡೆಗೆ ಹಾಕದೆ, ಹೆಗಲ ಮೇಲೆ ಹಾಕಿಕೊಂಡು ಸೀದಾ ಸಾಹೇಬರ ಮೇಜಿಗೆ ಹೋದಳು. ಜನರ ಸಾಲು ಬೀದಿಯವರೆಗೂ ಬೆಳೆದಿತ್ತು.

"ಮತ್ತೆ ಬಂದ್ಯಾ, ಮುಂಡೆ? ಕಾರ್ಡಿಲ್ದೋರ್ಗೆ..."

"ಇದೆ." ಗಂಡನ ಕಾರ್ಡನ್ನು ಮೇಜಿನ ಮೇಲೆ ಕುಕ್ಕಿದಳು. "ಮುಖಾನೂ ಇದೆ, ನೋಡಿ. ಒಂದು ಮುದ್ರೆ ಬಾಕಿ ಇದೆ. ಹೊಡೀರಿ."

ಸಾಹೇಬರು ಕೋಟು ನೋಡಿದರು, ಕಾರ್ಡು ನೋಡಿದರು. ಮುಖ ಬಿಳಿಚಿತು. "ಅಕ್ಕಾ, ಒಳಗೆ ಬಾ, ಮಾತಾಡೋಣ" ಎಂದರು ಮೆಲ್ಲಗೆ. ಮುಂಡೆ ಒಂದೇ ಏಟಿಗೆ ಅಕ್ಕನಾಗಿದ್ದಳು.

"ಇಲ್ಲೇ ಮಾತಾಡಿ. ಸತ್ತೋನು ಏಳು ತಿಂಗಳು ತಿಂದಿದಾನೆ. ಇವತ್ತು ಅವನ ತಾಯಿ ತಿನ್ಲಿ."

ಮುದ್ರೆ ಸೊಟ್ಟಗೆ ಬಿತ್ತು. ಮೇಜಿನ ಹಿಂದಿನ ರಾಶಿಯಿಂದ ಕೊಟ್ಟ ಹಿಟ್ಟಿನ ಚೀಲವನ್ನು ಕಂಕುಳಿಗೆ ಸೇರಿಸಿಕೊಂಡರೂ ಲಾಂಡ್ರಿಯಕ್ಕ ಹೊರಡಲಿಲ್ಲ. ಸಾಲಿನ ಕಡೆ ತಿರುಗಿ, ಉಳಿದ ಕಟ್ಟನ್ನು ತಲೆಯ ಮೇಲೆತ್ತಿ ಹಿಡಿದಳು.

"ಯಾರ್ಯಾರ ಮನೇಲಿ ಸತ್ತಿದಾರೋ, ಬನ್ರೋ! ನಿಮ್ಮ ನಿಮ್ಮೋರನ್ನ ಗುರುತು ಹಿಡ್ಕೊಳ್ಳಿ!"

ಸಾಲು ಮುರಿಯಿತು. ಮೊದಲು ಬಂದವನು ಸೂಲಗಿತ್ತಿಯ ಮಗ.